ಗೆರೆಯ ಬಣ್ಣ ಆರಿಸಿದವರು ಯಾರು?

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೇ ತರಗತಿಗೆ ದೂರ-ಕಾಲ ನಕ್ಷೆಯ ಪಾಠ ಮಾಡಬೇಕಿತ್ತು. ನಾಲ್ವರು ಓಟಗಾರರ 100 ಮೀಟರ್ ಓಟವನ್ನು ಒಂದೇ ನಕ್ಷೆಯಲ್ಲಿ ತೋರಿಸಲು ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್ ಬಳಸಿದೆ. ಅದು ಮುಕ್ತ ತಂತ್ರಾಂಶ. ನಾವು ಅಂಕಿಗಳನ್ನು ಕೊಟ್ಟರೆ ಸಾಕು, ಬಣ್ಣಗಳನ್ನು ತಾನೇ ಹಚ್ಚುತ್ತದೆ. ನೀಲಿ, ಕಿತ್ತಳೆ, ಹಸಿರು, ಕೆಂಪು ಎಂಬುದು ಅದರ ಡಿಫಾಲ್ಟ್ ಸರದಿ. ಲ್ಯಾಪ್‌ಟಾಪಿನಲ್ಲಿ ನಕ್ಷೆ ಸೊಗಸಾಗಿ ಕಂಡಿತು. ಪಾಠಯೋಜನೆಯ ಬೋಧನೋಪಕರಣದ ಅಂಕಣದಲ್ಲಿ ‘ಬಣ್ಣದ ನಕ್ಷೆ’ ಎಂದು ಬರೆದು ನಿಶ್ಚಿಂತಳಾದೆ.

ತರಗತಿಯಲ್ಲಿ ನಕ್ಷೆಯನ್ನು ಪ್ರೊಜೆಕ್ಟರಿನಲ್ಲಿ ತೋರಿಸಿ, ‘ಮೊದಲು ಗುರಿ ಮುಟ್ಟಿದವರು ಯಾರು?’ ಎಂದು ಒಬ್ಬ ಹುಡುಗನನ್ನು ಕೇಳಿದೆ. ಉತ್ತರ 3ನೇ ಓಟಗಾರ, ಹಸಿರು ಗೆರೆ. ಅವನು ‘4’ ಎಂದ. ಸರಿಯಾಗಿ ನೋಡು ಎಂದೆ. ಮತ್ತೆ ‘4’ ಎಂದ. ‘ಯಾವ ಬಣ್ಣ ಯಾರದು ಅಂತ ಮೂಲೆಯಲ್ಲೇ ಇದೆಯಲ್ಲ, ಗಮನ ಎಲ್ಲಿದೆ?’ ಎಂದೆ. ತರಗತಿ ನಕ್ಕಿತು. ದಿನಚರಿಯಲ್ಲಿ ಅವನ ಬಗ್ಗೆ ‘ಗಮನ ಕಡಿಮೆ’ ಎಂದೂ ಬರೆದೆ.

ಗಂಟೆ ಹೊಡೆದ ಮೇಲೆ ಅವನು ಮೇಜಿನ ಬಳಿ ಬಂದ. ‘ಮಿಸ್, ಇದೇ ಗೆರೆ ಮೊದಲು ಮುಟ್ಟಿದ್ದು. ಆದರೆ ಮೂಲೆಯಲ್ಲಿ 3, 4 ಎರಡೂ ನನಗೆ ಒಂದೇ ಥರ ಕಾಣ್ತವೆ’ ಎಂದ. ಅವನ ಬೆರಳು ಸರಿಯಾದ ಗೆರೆಯ ಮೇಲೇ ಇತ್ತು. ನಕ್ಷೆ ಓದುವುದು ಅವನಿಗೆ ಬರುತ್ತಿತ್ತು. ನಾನು ಪರೀಕ್ಷಿಸಿದ್ದು ಅವನ ಕಣ್ಣನ್ನು, ಕಲಿಕೆಯನ್ನಲ್ಲ.

ಆ ಸಂಜೆ ಕಾರ್ಯಹಾಳೆಯ ಜೆರಾಕ್ಸ್ ಪ್ರತಿ ತೆಗೆದು ನೋಡಿದೆ. ಅದರಲ್ಲಿ ನನಗೂ ಗೆರೆಗಳು ಗೊತ್ತಾಗಲಿಲ್ಲ! ಕಪ್ಪಿಗೆ 0, ಬಿಳಿಗೆ 255 ಎಂದು ಲೆಕ್ಕ ಹಾಕಿದರೆ ಆ ಕೆಂಪು ಸುಮಾರು 91, ನೀಲಿ 100, ಹಸಿರು 112ರ ಬೂದಿಯಾಗುತ್ತದೆ. ಕಿತ್ತಳೆಯೊಂದೇ 152ರಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಡಿಫಾಲ್ಟ್ ಎಂದರೆ ತಜ್ಞರು ಇಟ್ಟದ್ದು, ಮುಟ್ಟಬಾರದು ಎಂದುಕೊಂಡಿದ್ದೆ. ಆದರೆ ಅದನ್ನು ಇಟ್ಟವರೇ ಬದಲಿಸಿದ್ದಾರೆ. 2017ರಲ್ಲಿ ಬಂದ 2.0 ಆವೃತ್ತಿಯಲ್ಲಿ ಗೆರೆಗಳ ಹಳೆಯ ಸರದಿಯೂ ಹೋಯಿತು, ‘ಜೆಟ್’ ಎಂಬ ಕಾಮನಬಿಲ್ಲಿನಂಥ ಬಣ್ಣಪಟ್ಟಿಯೂ ಹೋಯಿತು. ಜೆಟ್‌ನ ಜಾಗಕ್ಕೆ ‘ವಿರಿಡಿಸ್’ ಬಂತು. ಅದು ಕಡುನೇರಳೆಯಿಂದ ಹಳದಿಯವರೆಗೆ ಸಮನಾಗಿ ಬೆಳಗುತ್ತಾ ಹೋಗುತ್ತದೆ. ವರ್ಣಾಂಧತೆ ಇರುವವರಿಗೂ, ಕಪ್ಪು-ಬಿಳುಪು ಮುದ್ರಣದಲ್ಲೂ ಏರಿಳಿತ ತಿಳಿಯಲಿ ಎಂದೇ ಅದನ್ನು ರೂಪಿಸಿದ್ದು. ಆದರೆ ಅದು ತಾಪಮಾನದಂಥ ಏರುವ-ಇಳಿಯುವ ಬೆಲೆಗಳಿಗೆ. ಬೇರೆ ಬೇರೆ ಗೆರೆಗಳ ಸರದಿಯಲ್ಲಿ ಹಸಿರು-ಕೆಂಪು ಇಂದಿಗೂ ಪಕ್ಕಪಕ್ಕದಲ್ಲೇ ಇವೆ.

‘ಟ್ಯಾಬ್ಲೋ-ಕಲರ್‌ಬ್ಲೈಂಡ್10’ ಎಂಬ ಸಿದ್ಧ ಶೈಲಿಯನ್ನೂ ಹಾಕಿ ನೋಡಿದೆ. ಹಸಿರು-ಕೆಂಪಿನ ತೊಡಕು ತಪ್ಪಿತು. ಆದರೆ ಜೆರಾಕ್ಸಿನಲ್ಲಿ ಅದರ ನೀಲಿಯೂ ಕಡುಬೂದಿಯೂ ಒಂದಾದವು. ಬಣ್ಣ ಬದಲಿಸಿದರಷ್ಟೇ ಸಾಲದು ಎಂದು ಆಗ ಹೊಳೆಯಿತು. ಕೊನೆಗೆ ಒಂದು ಗೆರೆಯನ್ನು ಅಖಂಡವಾಗಿ, ಒಂದನ್ನು ತುಂಡುಗೆರೆಯಾಗಿ, ಒಂದನ್ನು ಚುಕ್ಕಿಗಳಲ್ಲಿ, ಇನ್ನೊಂದನ್ನು ತುಂಡು-ಚುಕ್ಕಿಗಳಲ್ಲಿ ಎಳೆದೆ. ಮೂಲೆಯ ಪಟ್ಟಿಯನ್ನು ತೆಗೆದು ಓಟಗಾರನ ಸಂಖ್ಯೆಯನ್ನು ಗೆರೆಯ ತುದಿಯಲ್ಲೇ ಬರೆದೆ. ಆಗಿದ್ದು ನಾಲ್ಕೈದು ಸಾಲು ಹೆಚ್ಚಿನ ಕೆಲಸ.

ಮರುದಿನ ಹೊಸ ಹಾಳೆಗಳನ್ನು ಎಲ್ಲರಿಗೂ ಹಂಚಿ, ‘ನಿನ್ನೆಯ ನಕ್ಷೆಯಲ್ಲಿ ತಪ್ಪು ನನ್ನದು, ಗೆರೆಗಳು ಸ್ಪಷ್ಟವಾಗಿರಲಿಲ್ಲ’ ಎಂದೆ. ಆ ಹುಡುಗನ ಕಣ್ಣಿನ ಮಾತೆತ್ತಲಿಲ್ಲ. ಅದನ್ನು ತರಗತಿಗೆ ಹೇಳುವುದು ಬಿಡುವುದು ಅವನಿಗೆ ಬಿಟ್ಟದ್ದು. ಅದೇ ಪ್ರಶ್ನೆ ಕೇಳಿದಾಗ ಅವನು ಕೈ ಎತ್ತಿದ. ‘3’ ಎಂದ, ‘ಅದರ ಗೆರೆಯೇ ಹೆಚ್ಚು ಕಡಿದಾಗಿದೆ’ ಎಂದು ಕಾರಣವನ್ನೂ ಕೊಟ್ಟ.

ದಿನಚರಿಯಲ್ಲಿದ್ದ ‘ಗಮನ ಕಡಿಮೆ’ ಎಂಬುದನ್ನು ಹೊಡೆದುಹಾಕಿ ಅದರ ಮುಂದೆ ನನ್ನ ಹೆಸರು ಬರೆದೆ. ಈಗ ಯಾವ ನಕ್ಷೆಯನ್ನೂ ಮೊದಲು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ನೋಡದೆ ತರಗತಿಗೆ ಒಯ್ಯುವುದಿಲ್ಲ. ಸಹಪಾಠಿಗಳೂ ಒಮ್ಮೆ ಹಾಗೆ ಮಾಡಿ ನೋಡಬೇಕೆಂದು ಕೋರುತ್ತೇನೆ.