ಗಾಲಿಯ ಕೆಸರು ಮತ್ತು ತಿರುಗುವ ಬ್ರಷ್ಷು

ನಮ್ಮ ಬಂಗೂರನಗರದಲ್ಲಿ ನಿಂತಿರುವ ಕಾರಿನ ಗಾಲಿಗಳನ್ನು ನೋಡಿದರೆ ಅದು ಯಾವ ದಾರಿಯಿಂದ ಬಂದಿದೆ ಎಂಬುದನ್ನು ಬಹುಮಟ್ಟಿಗೆ ಹೇಳಿಬಿಡಬಹುದು. ಜೋಯಿಡಾ, ಕುಂಬಾರವಾಡದ ಕಡೆಯಿಂದ ಬಂದ ಗಾಡಿಯಾದರೆ ರಿಮ್ಮಿನ ಒಳಮೈಗೆ ಚಿರೆಕಲ್ಲಿನ ನೆಲದ ಕೆಮ್ಮಣ್ಣು ಲೇಪಿಸಿದಂತೆ ಅಂಟಿಕೊಂಡಿರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದಿಂದ ಬಂದದ್ದಾದರೆ ಟ್ರ್ಯಾಕ್ಟರುಗಳು ರಸ್ತೆಗೆ ಚೆಲ್ಲಿದ ಹೊಲದ ಮಣ್ಣು, ಜೊತೆಗೆ ಒಂದೆರಡು ಎಳೆ ರವದಿ. ಮಳೆಗಾಲದಲ್ಲಂತೂ ಈ ಭೇದಗಳೆಲ್ಲ ಅಳಿದು ನಾಲ್ಕೂ ಗಾಲಿಗಳು ಒಂದೇ ಬಣ್ಣದವಾಗುತ್ತವೆ. ಜನ ಕಾರಿನ ಮೈಯನ್ನು ಪ್ರೀತಿಯಿಂದ ಒರೆಸುತ್ತಾರೆ, ಗಾಜಿಗೆ ಕಾಗದ ಹಾಕಿ ಉಜ್ಜುತ್ತಾರೆ. ಗಾಲಿಯ ಪಾಲಿಗೆ ಮಾತ್ರ ಬಕೆಟ್ಟಿನಲ್ಲಿ ಉಳಿದ ಕೊಳಕು ನೀರು. ಗಾಡಿಯ ಭಾರವನ್ನೆಲ್ಲ ಹೊತ್ತು ನಡೆಯುವ ಅಂಗಕ್ಕೆ ನಾವು ಸಲ್ಲಿಸುವ ಸತ್ಕಾರ ಇಷ್ಟೇ.

ನನ್ನ ಮಟ್ಟಿಗೆ ಗಾಲಿ ತೊಳೆಯುವುದು ಭಾನುವಾರ ಬೆಳಗಿನ ಕೆಲಸ. ಮಗ ಹೊಸ ಕಾರು ಕೊಂಡಾಗ ನಮಗೆ ಬಿಟ್ಟುಕೊಟ್ಟ ಹಳೆಯ ಕಾರು ಅಂಗಳದಲ್ಲಿದೆ. ಅದರ ರಿಮ್ಮುಗಳು ಅಲಾಯ್ ಎಂದು ಕರೆಯಲ್ಪಡುವ ಅಲ್ಯೂಮಿನಿಯಂ ಮಿಶ್ರಲೋಹದವು. ಒಂದೊಂದರಲ್ಲಿ ಹತ್ತು ಕಡ್ಡಿಗಳು, ಕಡ್ಡಿ ಕಡ್ಡಿಗಳ ನಡುವೆ ಎರಡು ಬೆರಳು ತೂರುವಷ್ಟೇ ಸಂದು. ಹಿಂದೆ ತೆಂಗಿನ ನಾರಿನಿಂದ ಸಂದು ಸಂದುಗಳನ್ನು ಉಜ್ಜುತ್ತಿದ್ದೆ. ಆದರೆ ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಈಗ ಮಣಿಕಟ್ಟಿನಲ್ಲಿ ನೋಯುತ್ತದೆ. ಎರಡು ಗಾಲಿ ಮುಗಿಯುವ ಹೊತ್ತಿಗೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಇದನ್ನು ದೂರವಾಣಿಯಲ್ಲಿ ಕೇಳಿದ ಮಗ ಒಂದು ವಾರದಲ್ಲೇ ಪೊಟ್ಟಣವೊಂದನ್ನು ಕಳಿಸಿದ. ಅದರಲ್ಲಿ ಹಳದಿ ನೈಲಾನ್ ಕೂದಲಿನ ಮೂರು ಬ್ರಷ್ಷುಗಳಿದ್ದವು. ಒಂದು ದುಂಡಗೆ ಚಪ್ಪಟೆಯಾಗಿ ತಟ್ಟೆಯಂತೆ, ಇನ್ನೊಂದು ಅದಕ್ಕಿಂತ ಸಣ್ಣದು, ಮೂರನೆಯದು ಬುಗುರಿಯಂತೆ ಗುಂಡಾಗಿ ಮುಂದಕ್ಕೆ ಚಾಚಿದ್ದು. ಮೂರಕ್ಕೂ ಹಿಡಿಯ ಬದಲು ಆರು ಮೂಲೆಯ ಉಕ್ಕಿನ ಕಡ್ಡಿ. ಗೋಡೆಗೆ ತೂತು ಕೊರೆಯುವ ಡ್ರಿಲ್ ಮಷೀನಿನ ಬಾಯಿಗೆ ಆ ಕಡ್ಡಿಯನ್ನು ಸಿಕ್ಕಿಸಿ ಬಿಗಿದರೆ ಬ್ರಷ್ಷು ತಾನೇ ತಿರುಗುತ್ತದೆ. ಕೈಗೆ ಉಜ್ಜುವ ಶ್ರಮವಿಲ್ಲ, ಹಿಡಿದುಕೊಂಡರೆ ಸಾಕು.

ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ಜರ್ಮನಿಯ ಸ್ಟಟ್‌ಗಾರ್ಟ್ ನಗರದ ಫೈನ್ ಕಾರ್ಖಾನೆಯವರು 1895ರಲ್ಲಿ ತಯಾರಿಸಿದರು. ಅದಕ್ಕೆ ಪಿಸ್ತೂಲಿನಂತಹ ಹಿಡಿಯನ್ನೂ ಬೆರಳಿನಿಂದ ಒತ್ತುವ ಗುಂಡಿಯನ್ನೂ ಕೂಡಿಸಿ 1917ರಲ್ಲಿ ಪೇಟೆಂಟ್ ಪಡೆದವರು ಅಮೆರಿಕೆಯ ಬ್ಲ್ಯಾಕ್ ಆ್ಯಂಡ್ ಡೆಕರ್. ಕೊರೆಯಲೆಂದು ಹುಟ್ಟಿದ ಯಂತ್ರ ಉಜ್ಜುವ ಕೆಲಸಕ್ಕೂ ಒದಗಬಹುದೆಂದು ಅವರು ಎಣಿಸಿದ್ದರೋ ಇಲ್ಲವೋ. ನಮ್ಮಲ್ಲಿ ಹೊಲಿಗೆ ಯಂತ್ರದ ಗಾಲಿಗೆ ಸಾಣೆ ಕಟ್ಟಿ ಕತ್ತರಿ ಮಸೆಯುವ ಜನರಿದ್ದಾರಷ್ಟೆ, ಹಾಗೆಯೇ ಇದು.

ಗಾಲಿಗೆ ಅಂಟುವ ಎಲ್ಲ ಕೊಳೆಯೂ ಮಣ್ಣಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮುಂದಿನ ಎರಡು ಗಾಲಿಗಳಲ್ಲಿ ಕಾಣುವ ಕಪ್ಪು ಹುಡಿ ಬ್ರೇಕಿನದು. ಬ್ರೇಕ್ ಒತ್ತಿದಾಗ ಪ್ಯಾಡುಗಳು ಬೀಡುಕಬ್ಬಿಣದ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಪ್ಯಾಡೂ ಸವೆಯುತ್ತದೆ, ತಟ್ಟೆಯೂ ಸವೆಯುತ್ತದೆ. ಬಸ್ಸು ತಟ್ಟನೆ ನಿಂತಾಗ ನಾವೆಲ್ಲ ಮುಂದಕ್ಕೆ ವಾಲುವಂತೆ ಗಾಡಿಯ ಭಾರವೂ ಮುಂದಕ್ಕೆ ವಾಲುವುದರಿಂದ ಮುಂದಿನ ಗಾಲಿಗಳ ಬ್ರೇಕಿಗೇ ಹೆಚ್ಚು ದುಡಿತ. ಆ ಕಬ್ಬಿಣದ ಕಣಗಳು ಬಿಸಿಯಾಗಿ ಹಾರಿ ರಿಮ್ಮಿನ ಮೆರುಗಿಗೆ ಅಂಟುತ್ತವೆ; ನಮ್ಮ ಸೀಮೆಯ ಮಳೆ ತಾಗಿದ ಮೇಲೆ ಅಲ್ಲಿಯೇ ತುಕ್ಕು ಹಿಡಿದು ಕಿತ್ತಳೆ ಬಣ್ಣದ ಚುಕ್ಕೆಗಳಾಗುತ್ತವೆ. ಹಿಂದಿನ ಗಾಲಿಗಳಲ್ಲಿ ಈ ಹುಡಿ ಕಡಿಮೆ. ನಮ್ಮಂತಹ ಸಾಧಾರಣ ಕಾರುಗಳಲ್ಲಿ ಹಿಂದೆ ಇರುವುದು ಡ್ರಮ್ ಬ್ರೇಕು. ಸವೆದದ್ದು ಡ್ರಮ್ಮಿನೊಳಗೇ ಉಳಿಯುತ್ತದೆ. ಈ ಹುಡಿಯನ್ನು ಒಣಗಿದ್ದಾಗ ಯಂತ್ರದಿಂದ ಉಜ್ಜಬಾರದು. ಹಿಂದೆ ಬ್ರೇಕಿನ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದಿಲ್ಲದಿದ್ದರೂ ಕಬ್ಬಿಣದ ಹುಡಿ ಮೂಗಿಗೆ ಹೋಗುವುದು ಒಳ್ಳೆಯದಲ್ಲ. ಮೊದಲು ನೀರು, ಆಮೇಲೆ ಬ್ರಷ್ಷು.

ಮೊದಲು ನೀರು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನೈಲಾನ್ ಮೆತ್ತಗಿನ ವಸ್ತು, ತಾನಾಗಿ ಅದು ರಿಮ್ಮಿನ ಮೆರುಗನ್ನು ಸುಲಭವಾಗಿ ಗೀಚದು. ಗೀಚುವುದು ಕೂದಲುಗಳ ನಡುವೆ ಸಿಕ್ಕಿಕೊಂಡ ಮರಳಿನ ಕಣ. ಮರಳಿನಲ್ಲಿರುವ ಸ್ಫಟಿಕಶಿಲೆ ಉಕ್ಕಿನ ಚಾಕುವಿಗಿಂತ ಕಠಿಣವೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತಿದ್ದೆವು. ಕೈಯಿಂದ ಉಜ್ಜುವಾಗ ಅಂತಹ ಕಣ ಒಂದು ಗೀರು ಎಳೆದರೆ, ತಿರುಗುವ ಬ್ರಷ್ಷಿನಲ್ಲಿ ಅದು ನಿಮಿಷಕ್ಕೆ ನೂರಾರು ವೃತ್ತಗಳನ್ನು ಬರೆಯುತ್ತದೆ.

ಲೆಕ್ಕದ ಮೇಷ್ಟರಾದ್ದರಿಂದ ಲೆಕ್ಕ ಹಾಕದೆ ಇರಲಾಗಲಿಲ್ಲ. ದೊಡ್ಡ ಬ್ರಷ್ಷಿನ ವ್ಯಾಸ 10 ಸೆಂಟಿಮೀಟರ್. ಒಂದು ಸುತ್ತಿಗೆ ಅದರ ಅಂಚು ಸುಮಾರು 31 ಸೆಂಟಿಮೀಟರ್ ಸಾಗುತ್ತದೆ. ಬ್ಯಾಟರಿ ಡ್ರಿಲ್ಲಿನ ನಿಧಾನದ ಗೇರಿನಲ್ಲಿ ನಿಮಿಷಕ್ಕೆ 400 ಸುತ್ತು ಎಂದುಕೊಂಡರೆ ಅಂಚಿನ ವೇಗ ಗಂಟೆಗೆ ಸುಮಾರು ಏಳೂವರೆ ಕಿಲೋಮೀಟರ್, ಅಂದರೆ ಅವಸರದಿಂದ ನಡೆಯುವವನ ವೇಗ. 2800 ಸುತ್ತಿನ, ತಂತಿ ಇರುವ ಡ್ರಿಲ್ಲಿನಲ್ಲಿ ಅದೇ ಅಂಚು ಗಂಟೆಗೆ 50 ಕಿಲೋಮೀಟರ್ ಮೀರುತ್ತದೆ; ಅಣಶಿ ಘಟ್ಟದಲ್ಲಿ ಯಾವ ಬಸ್ಸೂ ಅಷ್ಟು ಜೋರಾಗಿ ಹೋಗದು. ಆ ವೇಗದಲ್ಲಿ ಕೆಸರು ಗಾಲಿಯಿಂದ ಬಿಟ್ಟು ಮುಖಕ್ಕೆ ಬರುತ್ತದೆ, ನೈಲಾನ್ ಬಿಸಿಯಾಗಿ ಮೆತುವಾಗುತ್ತದೆ. ಅದಕ್ಕಿಂತ ದೊಡ್ಡ ಮಾತು, 230 ವೋಲ್ಟಿನ ತಂತಿಯನ್ನು ನೀರು ಹರಿಯುವ ಅಂಗಳಕ್ಕೆ ಎಳೆದು ತರುವುದು ಸಾವಿನೊಡನೆ ಸರಸ. ಬ್ಯಾಟರಿಯ ಡ್ರಿಲ್ಲು, ನಿಧಾನದ ಗೇರು, ಯಂತ್ರಕ್ಕೆ ನೀರು ತಾಗದಂತೆ ಎಚ್ಚರ, ಇಷ್ಟಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ. ಹೆಗಲ ಮೇಲಿನ ಟವೆಲ್ಲು ಮತ್ತು ಲುಂಗಿಯ ಚುಂಗು ಬ್ರಷ್ಷಿಗೆ ಸುತ್ತಿಕೊಳ್ಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ; ನಾನಂತೂ ಪ್ಯಾಂಟು ಹಾಕಿಯೇ ಕೂರುತ್ತೇನೆ. ಗಾಳಿ ತುಂಬುವ ವಾಲ್ವು, ರಿಮ್ಮಿನ ಒಳಗೆ ಸಮತೋಲಕ್ಕೆಂದು ಅಂಟಿಸಿರುವ ಸಣ್ಣ ಲೋಹದ ತುಂಡುಗಳು, ಇವುಗಳ ಬಳಿ ಯಂತ್ರ ನಿಲ್ಲಿಸಿ ಕೈಯನ್ನೇ ಬಳಸಬೇಕು. ಸಾಬೂನು ಸೌಮ್ಯವಾಗಿರಲಿ. ಪಾಯಿಖಾನೆ ತೊಳೆಯುವ ಆಮ್ಲವನ್ನು ರಿಮ್ಮಿಗೆ ಸುರಿಯುವವರನ್ನು ನೋಡಿದ್ದೇನೆ. ಹೈಡ್ರೋಕ್ಲೋರಿಕ್ ಆಮ್ಲ ಅಲ್ಯೂಮಿನಿಯಂಗೆ ಏನು ಮಾಡುತ್ತದೆಂಬುದು ಹತ್ತನೆಯ ಇಯತ್ತೆಯ ಪಾಠ. ನಮ್ಮ ಅಂಗಳದ ನೀರು ಗಟಾರಕ್ಕೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಕಾಳಿಗೆ ಸೇರುತ್ತದೆ ಎಂಬುದೂ ನೆನಪಿರಬೇಕು.

ಬ್ರಷ್ಷಿನ ಈ ವೈಭವವನ್ನು ಮೊದಲ ದಿನ ನೋಡಲು ಬಂದವರು ನೆರೆಮನೆಯವರು. ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾಯಿತು; ಬಂಗೂರ ಮನೆತನದ ಆ ಕಾರ್ಖಾನೆಯ ಸುತ್ತಲೇ ಈ ನಗರ ಬೆಳೆದದ್ದು. ಹಾಗಾಗಿ ನಮ್ಮಲ್ಲಿ ಯಾವ ಬೀದಿಗೆ ಹೋದರೂ ಯಂತ್ರ ಬಲ್ಲವರೊಬ್ಬರು ಸಿಗುತ್ತಾರೆ, ಅವರ ಮುಂದೆ ಯಂತ್ರದ ವಿಷಯ ಮಾತಾಡುವಾಗ ಮೇಷ್ಟರುಗಳು ತುಸು ತಗ್ಗಿಯೇ ಮಾತಾಡಬೇಕಾಗುತ್ತದೆ. ಅವರು ಚಪ್ಪಟೆ ಬ್ರಷ್ಷನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಚಕ್ಕಿನ ಬಿಗಿ ನೋಡಿದರು, ಒಂದು ಗಾಲಿ ಬೆಳ್ಳಗಾಗುವುದನ್ನು ಸುಮ್ಮನೆ ನಿಂತು ನೋಡಿದರು. ಆಮೇಲೆ ಹೇಳಿದರು:

"ಮಷೀನ್ ಚಲೋ ಐತ್ರಿ ಮಾಸ್ತರ. ಆದ್ರ ತೊಳ್ಯಾಕ ಅವಸರ ಮಾಡಬ್ಯಾಡ್ರಿ. ಮೊದಲ ಓದ್ರಿ, ಆಮ್ಯಾಲ ಅಳಸ್ರಿ."

ಓದುವುದೇನನ್ನು ಎಂದು ಕೇಳಿದೆ. ಅವರು ಕಾರ್ಖಾನೆಗೆ ಸೇರಿದ ಹೊಸತರಲ್ಲಿ ಯಂತ್ರದ ಮೇಲೆ ಎಣ್ಣೆ ಕಂಡ ಕೂಡಲೇ ಚಿಂದಿಯಿಂದ ಒರೆಸಿದರೆ ಹಿರಿಯ ಮೇಸ್ತ್ರಿಗಳು ಬೈಯುತ್ತಿದ್ದರಂತೆ. ಎಲ್ಲಿಂದ ಬಂತು ಎಂದು ನೋಡಿದ ಮೇಲೆಯೇ ಒರೆಸಬೇಕು. ಒರೆಸಿದ ಮೇಲೆ ಕೇಳಿದರೆ ಹೇಳುವವರು ಯಾರು? ಗಾಲಿಯದೂ ಅದೇ ಕಥೆ ಎಂದು ಅವರು ಬಗ್ಗಿ ಕುಳಿತು ತೋರಿಸತೊಡಗಿದರು. ಮುಂದಿನ ಎರಡು ಗಾಲಿಗಳಲ್ಲಿ ಕಪ್ಪು ಹುಡಿ ಸಮನಾಗಿರಬೇಕು. ಒಂದರಲ್ಲಿ ಬಹಳ ಹೆಚ್ಚಾಗಿದ್ದರೆ ಆ ಕಡೆಯ ಪ್ಯಾಡು ತಟ್ಟೆಯನ್ನು ಪೂರ್ತಿ ಬಿಡದೆ ಉಜ್ಜುತ್ತಿರಬಹುದು. ರಿಮ್ಮಿನ ಒಳಮೈಯಲ್ಲಿ ಗ್ರೀಸು ಸಿಡಿದಂತೆ ಕಂಡರೆ ಆ್ಯಕ್ಸಲಿನ ತುದಿಯ ರಬ್ಬರ್ ಬೂಟು ಹರಿದಿದೆ. ನಟ್ಟಿನ ಸುತ್ತ ತುಕ್ಕಿನ ನೀರು ಇಳಿದ ಗೆರೆಗಳಿದ್ದರೆ ನಟ್ಟು ಸಡಿಲವಾಗಿದೆಯೇ ಎಂದು ಪಾನಾ ಹಾಕಿ ನೋಡಬೇಕು. ಟಯರಿನ ಪಕ್ಕದ ಸೀಳು, ಉಬ್ಬು ಇವನ್ನಂತೂ ಹೇಳುವುದೇ ಬೇಡ.

ನಾನು ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದವನು. ಹೊಡೆದುಹಾಕಿದ ಸಾಲಿನಲ್ಲೇ ಹುಡುಗ ಎಲ್ಲಿ ಎಡವಿದ ಎಂಬುದು ಕಾಣುತ್ತದೆ, ಶುದ್ಧಪ್ರತಿಯಲ್ಲಿ ಕಾಣುವುದಿಲ್ಲ. ಅವರ ಮಾತು ನನಗೆ ನಾಟಿತು. ನಾರಿನಿಂದ ಉಜ್ಜುತ್ತಿದ್ದಾಗ ಒಂದು ಗಾಲಿಗೆ ಕಾಲು ಗಂಟೆ ಹಿಡಿಯುತ್ತಿತ್ತು, ಕಣ್ಣು ತಾನಾಗಿಯೇ ಎಲ್ಲ ಕಡೆ ಹರಿದಾಡುತ್ತಿತ್ತು. ಈ ಬ್ರಷ್ಷಿಗೆ ಮೂರು ನಿಮಿಷ ಸಾಕು. ತಿಂಗಳಿಡೀ ರಸ್ತೆ ಬರೆದದ್ದು ಮೂರು ನಿಮಿಷದಲ್ಲಿ ನೊರೆಯಾಗಿ ಹೋಗುತ್ತದೆ. ಹಾಗಾಗಿ ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ: ನೀರು ಹಾಕುವ ಮುನ್ನ ಟಾರ್ಚು ಹಿಡಿದು ನಾಲ್ಕೂ ಗಾಲಿಗಳ ಒಳಗೂ ಹೊರಗೂ ಒಂದು ಸುತ್ತು. ಮನೆಯವರು ಇದನ್ನು ಪ್ರದಕ್ಷಿಣೆ ಎಂದು ಹಾಸ್ಯ ಮಾಡುತ್ತಾರೆ.

ಮಳೆ ನಿಂತ ಮೇಲೆ, ದಸರೆಯ ರಜೆಯಲ್ಲಿ, ಮೊಮ್ಮಗಳು ಬಂದಿದ್ದಳು. ಅವಳಿಗೆ ಸಮುದ್ರ ನೋಡುವ ಆಸೆ. ಜೋಯಿಡಾ, ಅಣಶಿ, ಕದ್ರಾ ದಾರಿಯಾಗಿ ಕಾರವಾರಕ್ಕೆ ಹೋಗುವುದೆಂದು ಗೊತ್ತಾಯಿತು. ಆ ದಾರಿ ಬಲ್ಲವರಿಗೆ ಹೇಳಬೇಕಾಗಿಲ್ಲ. ಅಣಶಿಯಿಂದ ಕದ್ರಾದವರೆಗೆ ದಟ್ಟ ಕಾಡಿನ ನಡುವೆ ತಿರುವಿನ ಮೇಲೆ ತಿರುವು, ಒಂದೇ ಸಮನೆ ಇಳಿಜಾರು. ಹೊರಡುವ ಹಿಂದಿನ ದಿನ ಗಾಲಿ ತೊಳೆಯಲು ಕುಳಿತೆ. ಟಾರ್ಚಿನ ಬೆಳಕಿನಲ್ಲಿ ಎಡಗಡೆಯ ಹಿಂದಿನ ಗಾಲಿಯ ಒಳಮಗ್ಗುಲಲ್ಲಿ, ಡ್ರಮ್ಮಿನ ಹಿಂದಿನ ತಗಡಿನ ಕೆಳತುದಿಯಿಂದ ಟಯರಿನ ಗೋಡೆಯವರೆಗೆ ಒಂದು ಒದ್ದೆ ಗೆರೆ ಇಳಿದಿತ್ತು. ಅದರ ಮೇಲೆ ಕೂತ ಧೂಳು ಮಾತ್ರ ಕಪ್ಪು ಕೆಸರಾಗಿತ್ತು. ಸುತ್ತಲಿನ ಕೆಮ್ಮಣ್ಣು ಒಣಗಿ ಬಿರಿದಿತ್ತು. ಮಳೆಯಿಲ್ಲದೆ ಎಂಟು ದಿನವಾಗಿತ್ತು.

ನೆರೆಮನೆಯವರನ್ನು ಕರೆದೆ. ಅವರು ಬೆರಳಿನಿಂದ ಮುಟ್ಟಿ, ಹೆಬ್ಬೆರಳಿಗೆ ಉಜ್ಜಿ, ಮೂಸಿ ನೋಡಿದರು. ಆ ಬೆರಳ ಮೇಲೆ ಎರಡು ಹನಿ ನೀರು ಬಿಡಲು ಹೇಳಿದರು. ಜಿಡ್ಡು ನೀರಿನೊಡನೆ ಬೆರೆತು ಹೋಯಿತು. "ಗ್ರೀಸ್ ಆಗಿದ್ರ ನೀರಿಗೆ ಹೋಗತಿರ್ಲಿಲ್ರಿ. ಇದು ಬ್ರೇಕ್ ಆಯಿಲ್" ಎಂದರು. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಕೆಳಗಿನ ಗೆರೆಯ ಹತ್ತಿರಕ್ಕೆ ಇಳಿದಿತ್ತು. ಎಣ್ಣೆ ಎಂದು ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ, ನೀರಿನಲ್ಲಿ ಕರಗುತ್ತದೆ. ಅಂದರೆ ನಾನು ಪದ್ಧತಿ ಬಿಟ್ಟು ನೇರವಾಗಿ ನೀರು ಸುರಿದು ಬ್ರಷ್ಷು ತಿರುಗಿಸಿದ್ದರೆ ಆ ಗೆರೆಯ ಸುಳಿವೂ ಉಳಿಯುತ್ತಿರಲಿಲ್ಲ. ಈಗಿನ ಕಾರುಗಳಲ್ಲಿ ಬ್ರೇಕಿನ ಕೊಳವೆಗಳು ಎರಡು ಪಂಗಡವಾಗಿರುವುದರಿಂದ ಒಂದು ಕಡೆ ಸೋರಿದರೆ ಎಲ್ಲ ಗಾಲಿಗಳೂ ಒಮ್ಮೆಲೇ ಕೈಬಿಡುವುದಿಲ್ಲ ಎಂದು ಫಿಟ್ಟರ್ ಸಮಾಧಾನ ಹೇಳಿದರು. ಹೇಳಿದ ಮೇಲೆ ತಾವೇ, "ಆದ್ರೂ ಕೂಸಿನ ಕರಕೊಂಡು ಘಟ್ಟ ಇಳಿಯೂ ಗಾಡಿ ಅಲ್ರಿ ಇದು ಈಗ" ಎಂದರು.

ಕಾರವಾರಕ್ಕೆ ಬಸ್ಸಿನಲ್ಲಿ ಹೋದೆವು. ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದರಿಂದ ಮೊಮ್ಮಗಳಿಗೆ ಕಾರಿನ ನೆನಪೇ ಆಗಲಿಲ್ಲ. ನನಗೆ ಮಾತ್ರ ಪ್ರತಿ ತಿರುವಿನಲ್ಲೂ ಚಾಲಕರು ಬ್ರೇಕ್ ಒತ್ತುವ ಸದ್ದು ಕೇಳಿಸುತ್ತಿತ್ತು. ಮರಳಿ ಬಂದ ಮೇಲೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ ಡ್ರಮ್ಮು ಬಿಚ್ಚಿಸಿದೆವು. ಒಳಗಿನ ವ್ಹೀಲ್ ಸಿಲಿಂಡರಿನ ರಬ್ಬರ್ ಕಪ್ಪು ಬಿರಿದಿತ್ತು. ಬ್ರೇಕ್ ಶೂಗಳ ಲೈನಿಂಗು ದ್ರವದಲ್ಲಿ ನೆನೆದು ಹೋಗಿತ್ತು. ನೆನೆದ ಲೈನಿಂಗು ಒರೆಸಿದರೆ ಸರಿಹೋಗುವುದಿಲ್ಲವಂತೆ. ಎರಡೂ ಕಡೆಯ ಶೂ ಬದಲಾಯಿಸಿದರು. ಅರ್ಧ ದಿನದ ಕೆಲಸ, ಹೆಚ್ಚು ಖರ್ಚೂ ಆಗಲಿಲ್ಲ.

ಬ್ರಷ್ಷಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅದಿಲ್ಲದಿದ್ದರೆ ಈ ಕೈಗಳಿಂದ ಗಾಲಿ ತೊಳೆಯುವುದನ್ನೇ ನಿಲ್ಲಿಸಬೇಕಾಗಿತ್ತು. ನಿಲ್ಲಿಸಿದ್ದರೆ ಗಾಲಿಯ ಬಳಿ ಕೂರುವುದೂ ತಪ್ಪುತ್ತಿತ್ತು. ತೊಳೆದ ಮೇಲೆ ಕಾರನ್ನು ಬೀದಿಯ ತುದಿಯವರೆಗೆ ಓಡಿಸಿ ಎರಡು ಮೂರು ಸಲ ಮೆಲ್ಲನೆ ಬ್ರೇಕ್ ಒತ್ತಿ ನೀರು ಆರಿಸಿ ನಿಲ್ಲಿಸುತ್ತೇನೆ. ಒದ್ದೆಯಾಗಿಯೇ ಬಿಟ್ಟರೆ ಬೆಳಗಾಗುವುದರೊಳಗೆ ಮುಂದಿನ ತಟ್ಟೆಗಳಿಗೆ ತೆಳು ತುಕ್ಕು ಬಂದಿರುತ್ತದೆ.

ಕಳೆದ ಭಾನುವಾರದ ಪ್ರದಕ್ಷಿಣೆಯಲ್ಲಿ ಬಲಗಡೆಯ ಮುಂದಿನ ಗಾಲಿ ಎಡಗಡೆಯದಕ್ಕಿಂತ ತುಸು ಹೆಚ್ಚು ಕಪ್ಪಾಗಿ ಕಂಡಿತು. ಫಿಟ್ಟರನ್ನು ಕೇಳಿದೆ. ಹಳಿಯಾಳಕ್ಕೊಮ್ಮೆ ಹೋಗಿ ಬಂದು, ಇಳಿದ ಕೂಡಲೇ ಎರಡೂ ಗಾಲಿಗಳ ಬಳಿ ಅಂಗೈ ಹಿಡಿದು ಯಾವುದರ ಕಾವು ಹೆಚ್ಚೆಂದು ನೋಡಬೇಕು, ಅಲ್ಲಿಯವರೆಗೆ ತೊಳೆಯುವುದು ಬೇಡ ಎಂದಿದ್ದಾರೆ. ಬ್ರಷ್ಷುಗಳು ಡಬ್ಬಿಯಲ್ಲಿವೆ.