ಚೀಲ ಕಾಯುವವರಿಗೂ ಒಂದು ತಿರುಗಾಟ

ಏಪ್ರಿಲ್-ಮೇ ಬಂತೆಂದರೆ ನಮ್ಮ ಮಂಗಳೂರಿನ ಮನೆಗಳಿಗೆ ಹಲಸಿನ ಹಣ್ಣಿನ ಜೊತೆಗೇ ನೆಂಟರೂ ಬಂದಿಳಿಯುತ್ತಾರೆ. ಮುಂಬಯಿಯಿಂದ, ಬೆಂಗಳೂರಿನಿಂದ, ಗಲ್ಫಿನಿಂದ. ಬಂದ ಮರುದಿನದಿಂದಲೇ ಮಕ್ಕಳದ್ದು ಒಂದೇ ರಾಗ: "ಮಾಮಿ, ನೀರಾಟದ ಪಾರ್ಕಿಗೆ ಯಾವಾಗ ಹೋಗುವುದು?" ಮಕ್ಕಳ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಈ ಸೆಕೆಯಲ್ಲಿ ನೀರಲ್ಲಿ ಬಿದ್ದು ಹೊರಳುವುದು ಯಾರಿಗೆ ಬೇಡ? ಆದರೆ ಆ ಒಂದು ದಿನ ಮನೆಯ ಹೆಂಗಸರ ಪಾಡು ಎಂತದ್ದು ಅಂತ ಯಾರಾದರೂ ಕೇಳಿದ್ದುಂಟಾ? ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಎಂಟು ಜನರ ಬುತ್ತಿ ಕಟ್ಟುವುದು. ಅಲ್ಲಿಗೆ ಹೋದ ಮೇಲೆ ಎಲ್ಲಾದರೂ ಒಂದು ನೆರಳಿನ ಬೆಂಚು ಹುಡುಕಿ, ಎಲ್ಲರ ಚೀಲ, ಚಪ್ಪಲಿ, ಕನ್ನಡಕ, ಮೊಬೈಲು ಕಾಯುತ್ತ ಕೂರುವುದು. ಸಂಜೆ ಒದ್ದೆ ಬಟ್ಟೆಯ ಗಂಟು ಹೊತ್ತುಕೊಂಡು ಬಂದು ಪುನಃ ಒಲೆಯ ಮುಂದೆ ನಿಲ್ಲುವುದು. ಇನ್ನು ಟಿಕೆಟಿನ ಲೆಕ್ಕ ಕೇಳಬೇಡಿ. ಎಂಟು ಜನರದ್ದು ಸೇರಿಸಿದರೆ ನಮ್ಮ ಮನೆಯ ತಿಂಗಳ ಸಾಮಾನಿನ ದುಡ್ಡು ಹೋಗಿರುತ್ತದೆ.

ನಮ್ಮ ಮನೆಯಲ್ಲಿ ಆ ಬೆಂಚಿನ ಮೇಲೆ ನನ್ನ ಜೊತೆಗಾರ್ತಿ ನಮ್ಮ ಅತ್ತೆ. ಈಗ ಅವರಿಗೆ 78. ಮೊಣಕಾಲು ನೋವು, ಆದರೆ ನಾಲಿಗೆ ಬಹಳ ಚುರುಕು. ಎರಡು ವರ್ಷದ ಹಿಂದೆ ಹೀಗೆ ಹೋಗಿ ಬಂದ ರಾತ್ರಿ ನನ್ನ ನಾದಿನಿಗೆ ಹೇಳಿಬಿಟ್ಟರು: "ಬರುವ ವರ್ಷ ನನ್ನನ್ನು ಮನೆಯಲ್ಲೇ ಬಿಟ್ಟು ಹೋಗಿ ಮಗಾ. ಅಲ್ಲಿ ಕೂತು ಚೀಲ ಕಾಯುವ ಬದಲು ಇಲ್ಲಿ ಬೆಕ್ಕು ಬಾರದ ಹಾಗೆ ಮೀನಾದರೂ ಕಾಯುತ್ತೇನೆ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅಂದಿನಿಂದ ನಾನು ಒಂದು ಕ್ರಮ ಮಾಡಿದ್ದೇನೆ. ಪಾರ್ಕಿಗೆ ಒಂದು ದಿನ ಮಕ್ಕಳನ್ನು ಗಂಡಸರೇ ಕರೆದುಕೊಂಡು ಹೋಗಲಿ. ಮಿಕ್ಕ ತಿರುಗಾಟವೆಲ್ಲ ನಮ್ಮ ದೇರೆಬೈಲಿನಿಂದ ಒಂದು ಗಂಟೆಯ ದಾರಿಯೊಳಗೆ, ಅರ್ಧ ದಿನದ್ದು. ಅತ್ತೆಗೆ ಕೂರಲಿಕ್ಕೆ ಜಾಗ ಇರಬೇಕು, ಕೂತಲ್ಲಿಂದಲೇ ನೋಡಲಿಕ್ಕೆ ಏನಾದರೂ ಇರಬೇಕು. ಇಷ್ಟೇ ಶರತ್ತು. ನೋಡಿದರೆ ಅಂಥ ಜಾಗಗಳು ನಮ್ಮ ಊರಲ್ಲೇ ಬೇಕಾದಷ್ಟು ಉಂಟು.

ಕದ್ರಿಯನ್ನೇ ತೆಗೆದುಕೊಳ್ಳಿ. ಮಂಜುನಾಥನ ದೇವಸ್ಥಾನಕ್ಕೆ ನಾವು ಹೋಗುವುದು ಹರಕೆಗೆ, ಜಾತ್ರೆಗೆ. ತಿರುಗಾಟಕ್ಕೆಂದು ಹೋಗುವುದೇ ಬೇರೆ. ಬೆಳಿಗ್ಗೆ ಏಳಕ್ಕೆ ಹೋದರೆ ಗುಡ್ಡದ ಬದಿ ತಂಪಾಗಿರುತ್ತದೆ. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಅವಸರ ಮಾಡದೆ ನೋಡಿ. ಮೂರು ಮುಖ, ಆರು ಕೈ. ಪೀಠದ ಶಾಸನದ ಪ್ರಕಾರ 968ರಲ್ಲಿ ಆಳುಪ ರಾಜ ಕುಂದವರ್ಮ ಪ್ರತಿಷ್ಠೆ ಮಾಡಿಸಿದ್ದು. ಸಾವಿರ ವರ್ಷ ದಾಟಿತು! ಇದು ಬೌದ್ಧರ ಅವಲೋಕಿತೇಶ್ವರ ಎಂದು ಹಲವು ಸಂಶೋಧಕರು ಹೇಳುತ್ತಾರೆ. ಈಗ ಶಿವನ ಸನ್ನಿಧಿಯಲ್ಲಿ ಪೂಜೆಯಾಗುತ್ತ ಉಂಟು. ಹಿಂಬದಿಯಲ್ಲಿ ಕೆರೆಗಳು, ಮೇಲೆ ಗುಡ್ಡದಲ್ಲಿ ಜೋಗಿಮಠ, ಪಾಂಡವರ ಗುಹೆಗಳೆಂದು ಕರೆಯುವ ಗುಹೆಗಳು. ಮಕ್ಕಳು ಮೆಟ್ಟಿಲು ಹತ್ತಿ ಇಳಿದು ಬರುವಷ್ಟು ಹೊತ್ತು ಅತ್ತೆ ಕೆರೆಯ ಬದಿಯಲ್ಲಿ ಕೂತಿದ್ದರು. ಅವರ ಹತ್ತಿರ ಒಂದೂ ಚೀಲ ಇರಲಿಲ್ಲ, ಅದನ್ನು ನಾನು ಮೊದಲೇ ನೋಡಿಕೊಂಡಿದ್ದೆ.

ಅಲ್ಲಿಂದ ಬಿಜೈ ದೂರ ಇಲ್ಲ. ಅಲ್ಲಿ ಹಡಗಿನ ಆಕಾರದ ಕಟ್ಟಡದಲ್ಲಿ ಸರಕಾರಿ ವಸ್ತುಸಂಗ್ರಹಾಲಯ ಉಂಟು. ಕರ್ನಲ್ ಮಿರಾಜಕರ್ ಎಂಬ ವೈದ್ಯರು ತಾವು ಕಟ್ಟಿಸಿದ ಕಟ್ಟಡವನ್ನೂ ಕೂಡಿಟ್ಟ ವಸ್ತುಗಳನ್ನೂ ತಾಯಿಯ ನೆನಪಿಗೆಂದು ಸರಕಾರಕ್ಕೆ ಕೊಟ್ಟದ್ದು. ತಾಯಿಯ ಹೆಸರು ಶ್ರೀಮಂತಿ ಬಾಯಿ, ಮ್ಯೂಸಿಯಮ್ಮಿಗೂ ಅದೇ ಹೆಸರು. ಸೋಮವಾರ ರಜೆ, ನೆನಪಿರಲಿ.

ಪೇಟೆಯ ನಡುವೆ ಲೈಟ್‌ಹೌಸ್ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿಗೆ ಹೋಗುವಾಗ ಮಾತ್ರ ಏರು ದಾರಿಗೆ ರಿಕ್ಷಾ ಮಾಡಿ, ಹಿರಿಯರನ್ನು ನಡೆಸಬೇಡಿ. ಒಳಗೆ ಹೋದ ಕೂಡಲೇ ಮಾತು ನಿಂತು ಹೋಗುತ್ತದೆ. ಗೋಡೆ, ಕಮಾನು, ಛಾವಣಿ ಎಲ್ಲ ಚಿತ್ರವೇ ಚಿತ್ರ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಜೆಸುಯಿಟ್ ಬ್ರದರ್ 1899ರಿಂದ 1901ರ ತನಕ ಬಿಡಿಸಿದ್ದು. ಗೋಡೆಯ ಚಿತ್ರಗಳನ್ನು ಗಾರೆ ಹಸಿ ಇರುವಾಗಲೇ ಬರೆಯಬೇಕಂತೆ. ಗಾರೆ ಒಣಗಿದರೆ ಬಣ್ಣ ಒಳಗೆ ಇಳಿಯುವುದಿಲ್ಲ. ನಾವು ನೀರುದೋಸೆ ಹೊಯ್ಯುವ ಹಾಗೆ ಅಂತ ನಾನು ಮಕ್ಕಳಿಗೆ ಹೇಳಿಕೊಟ್ಟೆ. ಕಾವಲಿಗೆ ಬಿದ್ದ ಮೇಲೆ ತಿದ್ದಲಿಕ್ಕೆ ಉಂಟಾ? ಛಾವಣಿಯಲ್ಲಿ ಸಂತ ಅಲೋಶಿಯಸ್‌ನ ಜೀವನದ ಚಿತ್ರಗಳಿವೆ. ರೋಮಿನಲ್ಲಿ ಪ್ಲೇಗು ಬಂದಾಗ ರೋಗಿಗಳ ಆರೈಕೆಗೆ ನಿಂತು 1591ರಲ್ಲಿ, ಬರೇ 23ನೇ ವಯಸ್ಸಿಗೆ ತೀರಿಕೊಂಡವನು ಆತ. ಅತ್ತೆ ಬೆಂಚಿನಲ್ಲಿ ಆರಾಮವಾಗಿ ಒರಗಿ ತುಂಬ ಹೊತ್ತು ಮೇಲೆ ನೋಡಿದರು. 55 ವರ್ಷದಿಂದ ದೇರೆಬೈಲಿನಲ್ಲಿರುವ ಅವರು ಗುಡ್ಡದ ಕೆಳಗಿನ ರಸ್ತೆಯಲ್ಲಿ ಎಷ್ಟು ಸಾವಿರ ಸಲ ಬಸ್ಸಿನಲ್ಲಿ ಹೋಗಿರಬಹುದು! ಒಳಗೆ ಬಂದದ್ದು ಅವತ್ತೇ ಮೊದಲು. ಮಧ್ಯಾಹ್ನ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತಾರೆ, ಹಾಗಾಗಿ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.

ಆದರೆ ನಮ್ಮ ಮನೆಯವರೆಲ್ಲ ಈಗಲೂ ನೆನಪು ಮಾಡಿಕೊಳ್ಳುವುದು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದ ದಿನವನ್ನು. ಬತ್ತೇರಿ ಎಂದರೆ ಕಪ್ಪು ಕಲ್ಲಿನ ಒಂದು ಕಾವಲು ಬುರುಜು, ಅಷ್ಟೇ. ಫಲ್ಗುಣಿ ನದಿಗೆ ಶತ್ರುಗಳ ಹಡಗು ನುಗ್ಗದ ಹಾಗೆ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ್ದು. ಕೋಟೆ ಅಂತ ಆಸೆಯಿಂದ ಹೋದವರಿಗೆ ಸ್ವಲ್ಪ ನಿರಾಸೆಯೇ. ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಸೊಗಸೆಲ್ಲ ಅದರ ಮುಂದಿನ ಹೊಳೆಯಲ್ಲಿ ಉಂಟು. ಹೊಳೆಯ ಆಚೆ ತಣ್ಣೀರುಬಾವಿ, ಅದರಾಚೆ ಸಮುದ್ರ. ನಾವು ಹೋದದ್ದು ಡಿಸೆಂಬರಿನಲ್ಲಿ. ಕಡವಿನ ದೋಣಿ ಹತ್ತಿದರೆ ಐದು ನಿಮಿಷವೂ ಬೇಡ, ಆಚೆ ದಡ.

ದೋಣಿ ಬರುವ ತನಕ ಕಲ್ಲಿನ ಕಟ್ಟೆಯಲ್ಲಿ ಕೂತಿದ್ದಾಗ ಅತ್ತೆ ಇದ್ದಕ್ಕಿದ್ದ ಹಾಗೆ ಹೇಳಿದರು: "ಇದೇ ಹೊಳೆಯಲ್ಲಿ ನಮ್ಮ ಮಣ್ಣಿನ ದೋಣಿ ಬರುತ್ತಿದ್ದದ್ದು."

ಯಾವ ಮಣ್ಣು ಅಂತ ಮಕ್ಕಳಿಗೆ ಅರ್ಥವಾಗಲಿಲ್ಲ. ಹಂಚಿನ ಕಾರ್ಖಾನೆಯ ಮಣ್ಣು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಕೆಲಸ ಆಮೇಲೆ ನೇತ್ರಾವತಿ, ಫಲ್ಗುಣಿ ಎರಡೂ ಹೊಳೆಗಳ ಬದಿಗೆ ಹಬ್ಬಿತು. ಮೇಲಿನ ಊರುಗಳ ಗದ್ದೆಯ ಜೇಡಿಮಣ್ಣು ದೋಣಿಯಲ್ಲಿ ಇಳಿದು ಬರುತ್ತಿತ್ತು, ಸುಟ್ಟ ಹಂಚು ಹಡಗು ಹತ್ತಿ ಹೋಗುತ್ತಿತ್ತು. ಮಂಗಳೂರು ಹಂಚು ಎಂದರೆ ದೇಶದಾಚೆಗೂ ಹೆಸರು. ಒಳಗೆ ದುಡಿಯುತ್ತಿದ್ದವರಲ್ಲಿ ಹೆಂಗಸರೂ ತುಂಬ ಜನ ಇದ್ದರು. ಮದುವೆಗೆ ಮೊದಲು ಆರು ವರ್ಷ ನಮ್ಮ ಅತ್ತೆಯೂ ಅವರಲ್ಲಿ ಒಬ್ಬರು.

"ಅಜ್ಜಿ, ನೀವು ಫ್ಯಾಕ್ಟರಿಗೆ ಹೋಗುತ್ತಿದ್ದಿರಾ?" ಅಂತ ನಾದಿನಿಯ ಮಗ ಕಣ್ಣರಳಿಸಿ ಕೇಳಿದ. ಅವನಿಗೆ ಅಜ್ಜಿ ಅಂದರೆ ಮಲ್ಲಿಗೆ ಕಟ್ಟುವ, ಟಿ.ವಿ. ನೋಡುವ ಅಜ್ಜಿ. ಅತ್ತೆ ಸೆರಗನ್ನು ಸುತ್ತಿ ಸಿಂಬೆ ಮಾಡಿ ತೋರಿಸಿದರು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಒಂದು ಸಲಕ್ಕೆ ಎಂಟು ಹಸಿ ಹಂಚು. ಕುತ್ತಿಗೆ ಅಲ್ಲಾಡಿಸುವ ಹಾಗಿಲ್ಲ. ಒಂದು ಹಂಚು ಎರಡೂವರೆ ಕಿಲೋ ಅಂತ ಇಟ್ಟುಕೊಂಡರೂ 20 ಕಿಲೋ ಆಯಿತು ಅಂತ ಹುಡುಗ ಅಲ್ಲೇ ಲೆಕ್ಕ ಹಾಕಿದ. "ದಿನಕ್ಕೆ ಎಷ್ಟು ಸಲ ಅಜ್ಜಿ?" "ಯಾರು ಎಣಿಸಿದ್ದಾರೆ ಮಾರಾಯ? ಸೈರನ್ ಆಗುವ ತನಕ." ನನ್ನ ನಾದಿನಿ ಸುಮ್ಮನೆ ಹೊಳೆಯನ್ನೇ ನೋಡುತ್ತಿದ್ದಳು. ಅಮ್ಮನ ಕುತ್ತಿಗೆ ನೋವಿಗೆ ಮುಂಬಯಿಯಿಂದ ಎಣ್ಣೆ, ಮುಲಾಮು ಎಂದು ಕಳಿಸುತ್ತಲೇ ಇರುವವಳು ಅವಳು. ಅಮ್ಮ ಕಾರ್ಖಾನೆಗೆ ಹೋಗಿದ್ದದ್ದು ಗೊತ್ತಿತ್ತಂತೆ. ಈ ಎಂಟು ಹಂಚಿನ ಸಂಗತಿ ಗೊತ್ತಿರಲಿಲ್ಲವಂತೆ.

ತಣ್ಣೀರುಬಾವಿಯಲ್ಲಿ ಗಾಳಿಮರದ ನೆರಳು ಉಂಟು, ಹಿರಿಯರು ಕೂರಬಹುದು. ಮಕ್ಕಳು ಕಾಲು ಒದ್ದೆ ಮಾಡಿಕೊಂಡರೆ ಸಾಕು, ಸೊಂಟದ ತನಕ ಇಳಿಯಲಿಕ್ಕೆ ಬಿಡಬೇಡಿ. ನಮ್ಮ ಕಡಲು ನೋಡಲಿಕ್ಕೆ ಸಾಧು, ಒಳಗೆ ಸೆಳೆತ ಜಾಸ್ತಿ. ಉಳ್ಳಾಲದ ಹತ್ತಿರ ಸೋಮೇಶ್ವರದ ಬಂಡೆಗಳ ಮೇಲಂತೂ ಫೋಟೋ ತೆಗೆಯಲು ನಿಲ್ಲುವುದೇ ಬೇಡ. ಜೂನಿನಿಂದ ಸೆಪ್ಟೆಂಬರ್ ತನಕ ಕಡಲಿನ ಸುದ್ದಿಯೇ ಬೇಡ. ದೋಣಿ ಉಂಟೋ ಇಲ್ಲವೋ ಎಂದು ಹೋಗುವ ಮೊದಲು ಕೇಳಿಕೊಳ್ಳಿ. ಇಲ್ಲದಿದ್ದರೆ ಕೂಳೂರಿನ ಮೇಲೆ ಸುತ್ತಿ ಬರುವ ರಸ್ತೆ ಇದ್ದೇ ಉಂಟು.

ಬುತ್ತಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅರ್ಧ ದಿನದ ತಿರುಗಾಟಕ್ಕೆ ಅನ್ನ-ಸಾರು ಹೊರುವುದು ಬೇಡವೇ ಬೇಡ. ನಾನು ಮಾಡುವುದು ಬನ್ಸ್. ಹಿಂದಿನ ರಾತ್ರಿ ಎರಡು ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿ, ಸಕ್ಕರೆ, ಹುಳಿಮೊಸರು, ಉಪ್ಪು, ಜೀರಿಗೆ, ಚಿಟಿಕೆ ಸೋಡಾ ಹಾಕಿ, ಹಿಡಿದಷ್ಟು ಮೈದಾ ಸೇರಿಸಿ ಮೆತ್ತಗೆ ಕಲಸಿಟ್ಟರೆ ಬೆಳಿಗ್ಗೆ ಕರಿಯುವುದಷ್ಟೇ ಕೆಲಸ. ಸಂಜೆಯ ತನಕ ಮೆತ್ತಗೇ ಇರುತ್ತದೆ, ಪಾತ್ರೆ ಬೇಡ, ಚಮಚ ಬೇಡ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಗಂಜಿ-ಚಟ್ನಿ. ಅವರವರ ನೀರಿನ ಬಾಟ್ಲಿ ಅವರವರ ಕೈಯಲ್ಲಿ, ಇದು ನಮ್ಮ ಮನೆಯ ಕಾನೂನು.

ಬಸ್ಸಿನ ಮಾತು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲದ ಶಕ್ತಿ ಯೋಜನೆ 2023ರ ಜೂನಿನಲ್ಲಿ ಬಂತಲ್ಲ, ಬೇರೆ ಊರಿನ ಅಕ್ಕತಂಗಿಯರು ಅದರಲ್ಲಿ ರಾಜ್ಯವೆಲ್ಲ ಸುತ್ತಿದರು. ನಮ್ಮ ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವೂ ಖಾಸಗಿ. ಆದ್ದರಿಂದ ನಮಗೆ ಆ ಭಾಗ್ಯ ಕಡಿಮೆ. ಆದರೂ ಪಾರ್ಕಿನ ಒಬ್ಬರ ಟಿಕೆಟಿನಲ್ಲಿ ಇಡೀ ಮನೆಯವರು ಊರೊಳಗೆ ಹೋಗಿ ಬರಬಹುದು.

ಸಂಜೆ ಹೊತ್ತಿಗೆ ಕುದ್ರೋಳಿ ಚಂದ. ಗೋಕರ್ಣನಾಥನ ಗೋಪುರಕ್ಕೆ ದೀಪ ಹಾಕಿದಾಗ ಅಂಗಳದಲ್ಲಿ ಕೂತು ನೋಡಬೇಕು. ಬೇರೆ ದೇವಸ್ಥಾನಗಳೊಳಗೆ ಪ್ರವೇಶ ಇಲ್ಲದಿದ್ದ ಜನರಿಗಾಗಿ 1912ರಲ್ಲಿ ನಾರಾಯಣ ಗುರುಗಳು ಇಲ್ಲಿ ಪ್ರತಿಷ್ಠೆ ಮಾಡಿದರು. ಅಲ್ಲೇ ನೂರು ವರ್ಷದ ಮೇಲೆ, 2013ರ ಅಕ್ಟೋಬರಿನಲ್ಲಿ, ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಅತ್ತೆಗೆ ಇದನ್ನು ನಾನು ಅಲ್ಲಿ ಕೂತಾಗ ಹೇಳಿದೆ. ಶುಭಕಾರ್ಯದ ಮನೆಗಳಲ್ಲಿ ಅವರು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂರುವುದನ್ನು ನಾನು ನೋಡುತ್ತ ಬಂದಿದ್ದೇನೆ. ಯಾರೂ ಹೇಳಬೇಕಾಗಿಲ್ಲ, ಅವರೇ ಹೋಗಿ ಕೂರುತ್ತಾರೆ. "ಗರ್ಭಗುಡಿಯ ಪೂಜೆಯನ್ನೇ ಮಾಡಿದರಾ?" ಅಂತ ಎರಡು ಸಲ ಕೇಳಿದರು. ಹೌದು ಅಂದೆ. "ನಿನ್ನ ಮಾವ ಹೋದದ್ದು ಅದಕ್ಕೆ ಎರಡು ವರ್ಷ ಮೊದಲು" ಅಂದರು. ಮತ್ತೆ ಆ ಮಾತು ಎತ್ತಲಿಲ್ಲ. ಅವತ್ತು ಮಾತ್ರ ಹೊರಡುವ ಅವಸರ ಮಾಡಿದವರು ಅವರಲ್ಲ.

ಪಿಲಿಕುಳಕ್ಕೆ ಇಡೀ ದಿನ ಬೇಕು ಎಂದು ಹೆದರುವವರಿದ್ದಾರೆ. ಎಲ್ಲವನ್ನೂ ಒಂದೇ ದಿನ ನೋಡುವ ಹಟ ಬೇಡ. ಪಿಲಿ ಎಂದರೆ ತುಳುವಿನಲ್ಲಿ ಹುಲಿ, ಹುಲಿಗಳು ನೀರಿಗೆ ಬರುತ್ತಿದ್ದ ಕೊಳ ಅದು. ಮೂಡಬಿದ್ರೆ ಬಸ್ಸಿನಲ್ಲಿ ವಾಮಂಜೂರಿಗೆ ಇಳಿದು ರಿಕ್ಷಾ ಮಾಡಿದರಾಯಿತು. ಒಂದು ಸಲ ಕುಶಲಕರ್ಮಿಗಳ ಗ್ರಾಮ ಮತ್ತು ಗುತ್ತಿನ ಮನೆ ಮಾತ್ರ ನೋಡಿ. ಇನ್ನೊಂದು ಸಲ 2018ರಲ್ಲಿ ಶುರುವಾದ ತಾರಾಲಯ. ತಾರಾಲಯದಲ್ಲಿ ತಂಪು ಹವೆ, ಒರಗುವ ಕುರ್ಚಿ, ತಲೆಯ ಮೇಲೆ ನಕ್ಷತ್ರ. ಅತ್ತೆ ಒಂದು ನಿದ್ರೆಯನ್ನೂ ತೆಗೆದರು.

ಸ್ವಲ್ಪ ದೂರ ಆದೀತು ಎನ್ನಿಸಿದರೂ ಮೂಡಬಿದ್ರೆಯನ್ನು ಬಿಡಬೇಡಿ. ಅದೇ ಬಸ್ಸು, ವಾಮಂಜೂರಿಗಿಂತ ಮುಂದೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಅಲ್ಲಿ ಉಂಟು. ಹನ್ನೊಂದು ಗಂಟೆಯ ಮೇಲೆ ಅಂಗಳದ ಕಲ್ಲು ಕಾದು ಕಾಲು ಇಡಲಿಕ್ಕೆ ಆಗುವುದಿಲ್ಲ. ಹಿರಿಯರಿದ್ದರೆ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಕಂಬಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ. ನಾದಿನಿಯ ಮಗ ಅದನ್ನು ಒಪ್ಪಲೇ ಇಲ್ಲ. ಒಂದೇ ನಮೂನೆಯ ಎರಡು ಕಂಬ ಹುಡುಕಿಯೇ ಹುಡುಕುತ್ತೇನೆಂದು ಹೊರಟ. ಅಜ್ಜಿ ಮಂಟಪದ ಕಟ್ಟೆಯಲ್ಲಿ ಕೂತು ತೀರ್ಪುಗಾರ್ತಿ. ಅವನು ಸಿಕ್ಕಿತು ಎಂದು ಕೂಗಿದಾಗಲೆಲ್ಲ ಇವರು ಕೂತಲ್ಲಿಂದಲೇ, "ಅದರಲ್ಲಿ ಹೂವಿಗೆ ಎಸಳು ಎಂಟು, ಇದರಲ್ಲಿ ಆರು, ಸರಿಯಾಗಿ ನೋಡು" ಎಂದು ಹಿಂದೆ ಕಳಿಸುವುದು. ಬಸ್ಸಿನ ಹೊತ್ತಾದರೂ ಇಬ್ಬರ ಪಂಥ ಮುಗಿಯಲಿಲ್ಲ. ಈ ಡಿಸೆಂಬರ್ ರಜೆಗೆ ಪುನಃ ಬರುತ್ತಾನಂತೆ. ಬನ್ಸಿನ ಹಿಟ್ಟನ್ನು ಆ ಸಲ ಸ್ವಲ್ಪ ಹೆಚ್ಚೇ ಕಲಸಬೇಕು.