ದುಬೈಯಲ್ಲಿ ಆರು ವಾರ

ದುಬೈಯಿಂದ ಹಿಂದಿರುಗಿದ ಮೇಲೆ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಕೇಳಿದ ಮೊದಲ ಪ್ರಶ್ನೆ ಒಂದೇ: "ಬುರ್ಜ್ ಖಲೀಫಾ ನೋಡಿದಿರಾ?" ನೋಡಿದೆ. 2010ರ ಜನವರಿಯಲ್ಲಿ ಉದ್ಘಾಟನೆಗೊಂಡ ಆ ಕಟ್ಟಡದ ಎತ್ತರ 828 ಮೀಟರು. ಬುಡದಲ್ಲಿ ನಿಂತು ತಲೆಯೆತ್ತಿದರೆ ಕುತ್ತಿಗೆ ನೋಯುತ್ತದೆ. ಅದರ ಬಗ್ಗೆ ಇಷ್ಟು ಸಾಕು. ಚಿತ್ರಗಳು ನಿಮ್ಮೆಲ್ಲರ ಮೊಬೈಲಿನಲ್ಲಿಯೇ ಇವೆ. ನಾನು ಬರೆಯಹೊರಟಿರುವುದು ಬೇರೆ ಸಂಗತಿಗಳನ್ನು.

2025ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಆರು ವಾರ ಮಗಳ ಮನೆಯಲ್ಲಿದ್ದೆವು. ಮಗಳೂ ಅಳಿಯನೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ, ಮೊಮ್ಮಗ ಶಾಲೆಯ ಬಸ್ಸು ಹತ್ತಿದರೆ, ಹದಿನಾಲ್ಕನೆಯ ಮಹಡಿಯಲ್ಲಿ ನಾವಿಬ್ಬರು ಮುದುಕರು ಮಾತ್ರ. ನಲ್ಲಿಯಲ್ಲಿ ಬರುವುದು ಉಪ್ಪು ಬೇರ್ಪಡಿಸಿದ ಸಮುದ್ರದ ನೀರು ಎಂದು ತಿಳಿದ ದಿನದಿಂದ ನನ್ನಾಕೆ ಪಾತ್ರೆ ತೊಳೆಯುವಾಗ ನಲ್ಲಿಯನ್ನು ಅರ್ಧವೇ ತಿರುಗಿಸತೊಡಗಿದಳು. ಮೂರು ಬಾವಿಗಳ ಮನೆಯಲ್ಲಿ ಹುಟ್ಟಿ ಬೆಳೆದವಳು! ಕುಚ್ಚಲಕ್ಕಿ, ಕರಿಬೇವು, ತೆಂಗಿನಕಾಯಿ ಯಾವುದಕ್ಕೂ ಅಲ್ಲಿ ಕೊರತೆಯಿಲ್ಲ. ಕರಾಮಾ ಎಂಬ ಬಡಾವಣೆಯಲ್ಲಿ ನಡೆಯುವಾಗ ಸಾಂಬಾರಿನ ಪರಿಮಳಕ್ಕೆ ಊರು ಯಾವುದೆಂಬುದೇ ಮರೆತುಹೋಗುತ್ತದೆ.

ನನಗೆ ಮೆಚ್ಚುಗೆಯಾದದ್ದು ಹಳೆಯ ದುಬೈ. ಸಮುದ್ರದಿಂದ ಒಳನಾಡಿಗೆ ಚಾಚಿದ ಖಾರಿಯೊಂದು ಊರನ್ನು ದೇರಾ ಮತ್ತು ಬರ್ ದುಬೈ ಎಂದು ಇಬ್ಭಾಗ ಮಾಡಿದೆ. ಗಂಗೊಳ್ಳಿಯ ಅಳಿವೆಯ ಬಳಿ ಬೆಳೆದ ನನಗೆ ಆ ನೀರಿನ ವಾಸನೆ ಅಪರಿಚಿತವಾಗಿರಲಿಲ್ಲ. ಅಬ್ರಾ ಎಂಬ ಮರದ ದೋಣಿಯಲ್ಲಿ ಒಂದು ದಿರ್ಹಮ್ ಕೊಟ್ಟರೆ ಐದಾರು ನಿಮಿಷಗಳಲ್ಲಿ ಆಚೆ ದಡ. ಬರ್ ದುಬೈಯ ದಡದಲ್ಲಿ ಅಲ್ ಫಹೀದಿ ಎಂಬ ಹಳೆಯ ಕೇರಿಯಿದೆ. ಪರ್ಷಿಯಾದ ಬಸ್ತಕ್ ಎಂಬ ಊರಿನಿಂದ ಬಂದ ವರ್ತಕರು ಕಟ್ಟಿದ ಮನೆಗಳಾದುದರಿಂದ ಇದಕ್ಕೆ ಮೊದಲು ಬಸ್ತಕೀಯಾ ಎಂದು ಹೆಸರು. ಹವಳದ ಕಲ್ಲಿನ ಗೋಡೆ, ನಡುವೆ ಅಂಗಳ, ಮಾಡಿನ ಮೇಲೆ ಚೌಕಾಕಾರದ ಗಾಳಿಗೋಪುರ. ಎತ್ತರದಲ್ಲಿ ಬೀಸುವ ಗಾಳಿಯನ್ನು, ಅದು ಯಾವ ದಿಕ್ಕಿನಿಂದ ಬಂದರೂ ಹಿಡಿದು, ಕೆಳಗಿನ ಕೋಣೆಗೆ ಇಳಿಸುವ ಉಪಾಯವಿದು. ವಿದ್ಯುತ್ತಿಲ್ಲದ ಕಾಲದಲ್ಲಿ ಮರುಭೂಮಿಯ ಬೇಸಿಗೆಯನ್ನು ಇದರಿಂದಲೇ ಕಳೆಯುತ್ತಿದ್ದರು. ಅದರ ಕೆಳಗೆ ನಿಂತಾಗ ಗಾಳಿ ನಿಜವಾಗಿಯೂ ತಲೆಯ ಮೇಲೆ ಇಳಿಯಿತು.

ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದಕ್ಕೆ ಮೊದಲು ಈ ಊರನ್ನು ಸಾಕಿದ್ದು ಮುತ್ತು. ಬೇಸಿಗೆಯ ನಾಲ್ಕು ತಿಂಗಳು ಮುಳುಗುಗಾರರು ಮೂಗಿಗೆ ಚಿಮಟಿ ಹಾಕಿ, ಕಾಲಿಗೆ ಕಲ್ಲಿನ ಭಾರ ಕಟ್ಟಿ ಸಮುದ್ರದ ತಳಕ್ಕೆ ಇಳಿಯುತ್ತಿದ್ದರು. ತೆಗೆದ ಮುತ್ತಿನ ಬಹುಪಾಲು ಹೋಗುತ್ತಿದ್ದುದು ನಮ್ಮ ಮುಂಬಯಿಗೆ. ಮುಂಗಡ ಸಾಲ ಪಡೆದು ದೋಣಿ ಹತ್ತಿದವನು ತೀರಿಸಲಾರದೆ ಸತ್ತರೆ ಸಾಲ ಮಗನ ತಲೆಗೆ ಬರುತ್ತಿತ್ತಂತೆ. 1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಕುಸಿತವೂ ಜಪಾನಿನ ಕೃಷಿಮುತ್ತೂ ಸೇರಿ ಆ ವ್ಯಾಪಾರವನ್ನು ಮುಗಿಸಿದವು. ನಾಣ್ಯವೂ ನಮ್ಮದೇ ಆಗಿತ್ತು. 1959ರಿಂದ ರಿಸರ್ವ್ ಬ್ಯಾಂಕು ಈ ಕಡೆಯ ನಾಡುಗಳಿಗೆಂದೇ ಬೇರೆ ನೋಟುಗಳನ್ನು ಅಚ್ಚು ಹಾಕುತ್ತಿತ್ತು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಅಪಮೌಲ್ಯ ಮಾಡಿದಾಗ ಅವರು ಅದನ್ನು ಕೈಬಿಟ್ಟರು. ದಿರ್ಹಮ್ ಬಂದದ್ದು 1973ರಲ್ಲಿ. ಈಗ ಒಂದು ದಿರ್ಹಮಿಗೆ ಎಷ್ಟು ರೂಪಾಯಿ ಎಂಬುದನ್ನು ನಮ್ಮ ಕರಾವಳಿಯ ಪ್ರತಿಯೊಂದು ಮನೆಯೂ ಬಲ್ಲದು.

ಶಬ್ದಗಳ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ವಕೀಲ, ತಾರೀಖು, ಹುಕುಂ, ಇವೆಲ್ಲ ಅರಬ್ಬಿಯಿಂದ ಹೊರಟು ಪರ್ಷಿಯನ್, ಉರ್ದು ದಾಟಿ ನಮ್ಮ ಕಚೇರಿಗಳನ್ನು ಸೇರಿದವು. ದಕ್ಷಿಣದ ಮಹಾ ಮರುಭೂಮಿಗೆ ರುಬ್ ಅಲ್ ಖಾಲಿ ಎಂದು ಹೆಸರು; ನಾವು ಡಬ್ಬಿ ಖಾಲಿಯಾಯಿತು ಎನ್ನುವಾಗಿನ ಖಾಲಿಯೇ ಅದು! ಅವರು ಮುಗಿಬಿದ್ದು ಕುಡಿಯುವ ಕರಕ್ ಚಹಾ ನಮ್ಮ ಕಡಕ್ ಚಹಾವೇ. ಲುಕೈಮಾತ್ ಎಂಬ ಕರಿದ ಸಿಹಿಯುಂಡೆಯ ಮೇಲೆ ಖರ್ಜೂರದ ಪಾಕ ಸುರಿದು ಕೊಡುತ್ತಾರೆ. ನನ್ನಾಕೆ ಒಂದನ್ನು ಬಾಯಿಗಿಟ್ಟು, "ಹಲಸಿನ ಹಣ್ಣು ಹಾಕದ ಮುಳ್ಕ" ಎಂದು ತೀರ್ಪಿತ್ತಳು. ಪಾಕಕ್ಕೆ ಜೋನಿಬೆಲ್ಲದ ಪದವಿ ಸಿಕ್ಕಿತು. ಏಲಕ್ಕಿ ಹಾಕಿದ ಅರಬ್ಬೀ ಕಾಫಿಯನ್ನು ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕೊಡುತ್ತಾರೆ. ಸಾಕೆನ್ನಲು ಬಟ್ಟಲನ್ನು ಮೆಲ್ಲಗೆ ಅತ್ತಿತ್ತ ಅಲುಗಿಸಬೇಕು, ಇಲ್ಲವಾದರೆ ಮತ್ತೆ ಮತ್ತೆ ಸುರಿಯುತ್ತಲೇ ಇರುತ್ತಾರೆ. ಊಟದೆಲೆಗೆ ಕೈ ಅಡ್ಡ ಹಿಡಿದರೂ ಬಡಿಸುವ ನಮ್ಮವರು ಇದನ್ನು ಕಲಿಯಬಹುದು.

ಮಾರ್ಚ್ ಒಂದರಂದು ರಮಜಾನ್ ಆರಂಭವಾಯಿತು. ಒಂದು ಸಂಜೆ ದೇರಾದ ಮಸೀದಿಯೊಂದರ ಅಂಗಳದಲ್ಲಿ ಉದ್ದಕ್ಕೆ ಹಾಸಿದ ಚಾಪೆಗಳ ಮೇಲೆ ನೂರಾರು ಜನ ಸಾಲಾಗಿ ಕುಳಿತಿದ್ದರು. ಮುಂದೆ ಖರ್ಜೂರ, ನೀರು, ಮಜ್ಜಿಗೆ, ಅನ್ನದ ಪೊಟ್ಟಣ. ಬಂದವನ ಜಾತಿಮತವನ್ನು ಯಾರೂ ಕೇಳುವುದಿಲ್ಲ. ಆ ಸಾಲಿನ ಬದಿಯಿಂದ ಒಬ್ಬ ನರೆತ ಕೂದಲಿನ ಮನುಷ್ಯ ಎದ್ದು ನನ್ನೆಡೆಗೆ ನಡೆದು ಬಂದ.

"ಹ್ವಾಯ್ ಮಾಷ್ಟ್ರೇ, ಗುರ್ತ ಸಿಕ್ತಾ?"

ಧ್ವನಿಯಿಂದ ಗುರುತು ಸಿಕ್ಕಿತು. 1984ರ ಹತ್ತನೆಯ ತರಗತಿ, ಕಿಟಕಿಯ ಪಕ್ಕದ ಬೆಂಚು. ಅವನ ಹೆಸರು ಬರೆಯುವುದಿಲ್ಲ. ಉಳಿದುದನ್ನು ಬರೆಯಲು ಅವನೇ ಒಪ್ಪಿದ್ದಾನೆ.

1996ರಲ್ಲಿ ಹೋದವನು. ಒಂದು ವ್ಯಾಪಾರಿ ಸಂಸ್ಥೆಯ ಗೋದಾಮಿನ ಉಸ್ತುವಾರಿ. ಸಂಸಾರವನ್ನು ಕರೆಸಿಕೊಳ್ಳಲು ಸರ್ಕಾರ ನಿಗದಿ ಮಾಡಿದ ಕನಿಷ್ಠ ಸಂಬಳವಿದೆ. ಮಕ್ಕಳು ಚಿಕ್ಕವರಿದ್ದಾಗ ಅವನ ಸಂಬಳ ಅದನ್ನು ಮುಟ್ಟಲಿಲ್ಲ, ಮುಟ್ಟುವ ಹೊತ್ತಿಗೆ ಅವರು ಕಾಲೇಜಿನಲ್ಲಿದ್ದರು. ಹೀಗಾಗಿ ಆರು ಜನರ ಕೋಣೆಯಲ್ಲಿ ಒಂದು ಮಂಚ, ಅದರ ಕೆಳಗೊಂದು ಪೆಟ್ಟಿಗೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಊರು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಹೆಂಡತಿ ಮಕ್ಕಳೊಡನೆ ಕಳೆದ ಕಾಲವನ್ನು ಕೂಡಿಸಿದರೆ ಎರಡೂವರೆ ವರ್ಷವೂ ಆಗುವುದಿಲ್ಲ. ಇದನ್ನು ಅವನು ದೂರಿನಂತೆ ಹೇಳಲಿಲ್ಲ, ಲೆಕ್ಕದಂತೆ ಹೇಳಿದ. ಈಗ ಸಂಸ್ಥೆ ವೀಸಾ ನವೀಕರಿಸುವುದಿಲ್ಲವೆಂದು ತಿಳಿಸಿತ್ತು.

ಪಕ್ಕದ ಚಹಾದಂಗಡಿಯಲ್ಲಿ ಕುಳಿತು, "ಮಾಷ್ಟ್ರೇ, ಇದೊಂದು ಲೆಕ್ಕ ಸರಿ ಉಂಟಾ ಕಾಣಿ" ಎಂದು ಜೇಬಿನಿಂದ ಚೀಟಿ ತೆಗೆದ. ಸೇವೆಯ ಕೊನೆಯಲ್ಲಿ ಸಿಗುವ ಉಪದಾನದ ಲೆಕ್ಕ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ, ಅನಂತರ ವರ್ಷಕ್ಕೆ 30 ದಿನಗಳದ್ದು. ಐದು ವರ್ಷಕ್ಕೆ 105 ದಿನ, ಉಳಿದ ಇಪ್ಪತ್ನಾಲ್ಕಕ್ಕೆ 720, ಒಟ್ಟು 825. ಆದರೆ ಒಟ್ಟು ಮೊತ್ತ ಎರಡು ವರ್ಷಗಳ ವೇತನವನ್ನು ಮೀರಕೂಡದೆಂದು ಅಲ್ಲಿನ ಕಾನೂನು. ಆದ್ದರಿಂದ ಕೊನೆಯ ಮೂರು ವರ್ಷಗಳ ದುಡಿಮೆ ಈ ಬಾಬ್ತಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅವನ ಕೂಡಿಸುವಿಕೆ, ಗುಣಾಕಾರ ಎಲ್ಲವೂ ಸರಿಯಾಗಿದ್ದವು. ಸರಿ ಇದೆ ಎಂದೆ. ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

"ಮಗಳ ಕಾಲೇಜು ಮುಗೀತು, ಮನೆ ಕಟ್ಟಿ ಆಯ್ತು. ಅದರಲ್ಲಿ ನಾನು ಮಲಗಿದ್ದು ನಲವತ್ತು ದಿನ. ಊರಿಗೆ ಹೋಯಿ ಎಂತ ಮಾಡೂದು ಮಾಷ್ಟ್ರೇ? ಸಂತೆಯಲ್ಲಿ ಯಾರದ್ದೂ ಗುರ್ತ ಇಲ್ಲ."

ಉತ್ತರ ನನ್ನಲ್ಲಿರಲಿಲ್ಲ. ಅಷ್ಟರಲ್ಲಿ ಉಪವಾಸ ಮುರಿಯುವ ಸೂಚನೆಯಾಗಿ ಟೀವಿಯಲ್ಲಿ ಫಿರಂಗಿಯ ಸದ್ದು ಕೇಳಿಸಿತು. ಅಂಗಡಿಯ ಮಲೆಯಾಳಿ ಹುಡುಗ ಮೊದಲು ನಮಗೆ ತಲಾ ಮೂರು ಖರ್ಜೂರ ಕೊಟ್ಟು, ಅನಂತರವೇ ತಾನು ನೀರು ಕುಡಿದ.

ಆ ವರ್ಷ ಮಳೆಗಾಲಕ್ಕೆ ಮುಂಚೆಯೇ ಅವನು ಊರಿಗೆ ಬಂದ. ವಾರಕ್ಕೆರಡು ಸಲ ನಮ್ಮ ಜಗುಲಿಗೆ ಬಂದು ಕುಳಿತು ಹೋಗುತ್ತಾನೆ. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಗುವ ಅಭ್ಯಾಸ ಇನ್ನೂ ಬಿಟ್ಟಿಲ್ಲವಂತೆ. ಅರಬ್ಬಿ, ಹಿಂದಿ, ಮಲೆಯಾಳ ಮೂರನ್ನೂ ಸರಾಗವಾಗಿ ಮಾತಾಡುತ್ತಾನೆ. ಗೋದಾಮಿನ ದಾಸ್ತಾನು ಲೆಕ್ಕದಲ್ಲಿ ಒಂದು ಚೀಲವೂ ಹೆಚ್ಚುಕಡಿಮೆಯಾಗದು. ಕುಂದಾಪುರ, ಉಡುಪಿ, ಮಂಗಳೂರಿನ ಕಡೆ ವ್ಯಾಪಾರ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಇಂಥವನು ಬೇಕಾಗಿದ್ದರೆ ದಯವಿಟ್ಟು ನನಗೆ ತಿಳಿಸಿ. ಅವನಿಗೆ ನಾನೇ ಹೇಳುತ್ತೇನೆ.